ಹೋಗಿ ಕೇಳಿದ ಅರ್ಥಶಾಸ್ತ್ರಜ್ಞ

ಅಮೆರಿಕದ ಒಹಾಯೊ ರಾಜ್ಯದಲ್ಲಿ ಟ್ವಿನ್ಸ್‌ಬರ್ಗ್ ಎಂಬ ಊರಿದೆ. ವಿಲ್ಕಾಕ್ಸ್ ಮನೆತನದ ಅವಳಿ ಸೋದರರಿಂದ ಅದಕ್ಕೆ ಆ ಹೆಸರು ಬಂತು. ವರ್ಷಕ್ಕೊಮ್ಮೆ, ಆಗಸ್ಟ್ ತಿಂಗಳಲ್ಲಿ, ದೇಶದ ಮೂಲೆಮೂಲೆಯ ಅವಳಿಗಳು ಒಂದೇ ಥರದ ಬಟ್ಟೆ ತೊಟ್ಟು ಅಲ್ಲಿ ಜಾತ್ರೆ ಸೇರುತ್ತಾರೆ. 1991ರ ಜಾತ್ರೆಗೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಇಬ್ಬರು ಅರ್ಥಶಾಸ್ತ್ರಜ್ಞರು, ಓರ್ಲಿ ಆಶೆನ್‌ಫೆಲ್ಟರ್ ಮತ್ತು ಅಲನ್ ಕ್ರೂಗರ್, ಪ್ರಶ್ನೆಗಳ ಪಟ್ಟಿ ಹಿಡಿದು ಸಂದರ್ಶಕರ ತಂಡದೊಂದಿಗೆ ಹಾಜರಾದರು. ಅವಳಿಗಳನ್ನು ಬೇರೆ ಬೇರೆ ಕೂರಿಸಿ ಒಬ್ಬೊಬ್ಬರನ್ನೂ ಕೇಳಿದರು: ನೀವೆಷ್ಟು ವರ್ಷ ಓದಿದ್ದೀರಿ, ಗಂಟೆಗೆ ಎಷ್ಟು ಸಂಪಾದಿಸುತ್ತೀರಿ? ಆಮೇಲೆ ಇನ್ನೊಂದು ಪ್ರಶ್ನೆ: ನಿಮ್ಮ ಜೊತೆ ಹುಟ್ಟಿದವರು ಎಷ್ಟು ವರ್ಷ ಓದಿದ್ದಾರೆ?

ಈ ಎರಡನೆಯ ಪ್ರಶ್ನೆಯಲ್ಲೇ ಕ್ರೂಗರ್ ಅವರ ಇಡೀ ವೃತ್ತಿಯ ಗುಣ ಕಾಣುತ್ತದೆ ಎಂದು ನನಗನ್ನಿಸುತ್ತದೆ. ಹೆಚ್ಚು ಓದಿದವರು ಹೆಚ್ಚು ಸಂಪಾದಿಸುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಆ ಸಂಪಾದನೆಯಲ್ಲಿ ಶಾಲೆಯ ಪಾಲೆಷ್ಟು, ಹುಟ್ಟಿದ ಮನೆಯ ಪಾಲೆಷ್ಟು, ಬುದ್ಧಿಯ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಒಂದೇ ರೂಪದ ಅವಳಿಗಳು ಒಂದೇ ತಂದೆತಾಯಿಯ, ಒಂದೇ ಮನೆಯ, ಒಂದೇ ವಂಶವಾಹಿಯ ಮಕ್ಕಳು. ಅವರಲ್ಲಿ ಒಬ್ಬರು ಎರಡು ವರ್ಷ ಹೆಚ್ಚು ಓದಿದ್ದರೆ, ಸಂಬಳದ ವ್ಯತ್ಯಾಸವನ್ನು ಬಹುಮಟ್ಟಿಗೆ ಓದಿನ ಖಾತೆಗೇ ಹಾಕಬಹುದು. ಅಲ್ಲೂ ಒಂದು ತೊಡಕಿತ್ತು. ಅವಳಿಗಳ ಓದಿನ ಅಂತರ ಸಾಮಾನ್ಯವಾಗಿ ಚಿಕ್ಕದು. ಯಾರಾದರೂ ನೆನಪು ತಪ್ಪಿ ಒಂದು ವರ್ಷ ಹೆಚ್ಚುಕಡಿಮೆ ಹೇಳಿದರೂ ಲೆಕ್ಕವೇ ಕೆಡುತ್ತದೆ. ಅದಕ್ಕೇ ಒಬ್ಬರ ಮಾತನ್ನು ಇನ್ನೊಬ್ಬರ ಬಾಯಿಂದ ತಾಳೆ ನೋಡಿದರು. 1994ರಲ್ಲಿ ಪ್ರಕಟವಾದ ಅವರ ಅಂದಾಜಿನ ಪ್ರಕಾರ ಶಾಲೆಯ ಒಂದೊಂದು ವರ್ಷವೂ ಕೂಲಿಯನ್ನು ಶೇ 12ರಿಂದ 16ರಷ್ಟು ಏರಿಸುತ್ತಿತ್ತು. ಅದುವರೆಗಿನ ಅಂದಾಜುಗಳಿಗಿಂತ ಇದು ಹೆಚ್ಚು.

ಕ್ರೂಗರ್ ಹುಟ್ಟಿದ್ದು 1960ರಲ್ಲಿ, ನ್ಯೂ ಜೆರ್ಸಿಯಲ್ಲಿ. ಕಾರ್ನೆಲ್‌ನಲ್ಲಿ ಕೈಗಾರಿಕೆ ಮತ್ತು ಕಾರ್ಮಿಕ ಸಂಬಂಧಗಳ ಅಧ್ಯಯನ, 1987ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್, ಅದೇ ವರ್ಷ ಪ್ರಿನ್ಸ್‌ಟನ್‌ನಲ್ಲಿ ಕೆಲಸ. ನಡುವೆ ಮೂರು ಬಾರಿ ಸರ್ಕಾರಿ ಹುದ್ದೆಗೆ ಹೋಗಿಬಂದದ್ದು ಬಿಟ್ಟರೆ ಕೊನೆಯವರೆಗೂ ಪ್ರಿನ್ಸ್‌ಟನ್ನೇ ಅವರ ನೆಲೆ. ಅಲ್ಲಿ ಸಮೀಕ್ಷಾ ಸಂಶೋಧನೆಗೆಂದೇ ಒಂದು ಕೇಂದ್ರವನ್ನೂ ಅವರು ಕಟ್ಟಿದರು. ಸರ್ಕಾರ ಕೂಡಿಸಿಟ್ಟ ಅಂಕಿಅಂಶ ಸಿಕ್ಕರೆ ಸಾಕು ಎಂದು ಕೂರುವ ಜಾಯಮಾನ ಅವರದಲ್ಲ. ಬೇಕಾದ ಅಂಕಿ ಎಲ್ಲೂ ಇಲ್ಲವೆಂದರೆ ತಾವೇ ಹೋಗಿ ಕೇಳುತ್ತಿದ್ದರು.

ಅವರನ್ನು ಜಗತ್ತಿಗೆ ಪರಿಚಯಿಸಿದ ಅಧ್ಯಯನವೂ ಹಾಗೆ ಕೇಳಿ ಪಡೆದದ್ದೇ. 1992ರ ಏಪ್ರಿಲ್ 1ರಂದು ನ್ಯೂ ಜೆರ್ಸಿ ಕನಿಷ್ಠ ವೇತನವನ್ನು ಗಂಟೆಗೆ 4.25 ಡಾಲರ್‌ನಿಂದ 5.05 ಡಾಲರ್‌ಗೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯದಲ್ಲಿ ಹಳೆಯ ದರವೇ ಉಳಿಯಿತು. ಕೂಲಿ ಏರಿದರೆ ಮಾಲೀಕರು ಆಳು ಕಡಿಮೆ ಮಾಡುತ್ತಾರೆ, ಕೆಲಸ ಕಳೆದುಕೊಳ್ಳುವವರು ಅದೇ ಬಡವರು ಎಂಬುದು ಆಗಿನ ಪಠ್ಯಪುಸ್ತಕಗಳ ಖಚಿತ ಮಾತು. ಕ್ರೂಗರ್ ಮತ್ತು ಅವರ ಸಹೋದ್ಯೋಗಿ ಡೇವಿಡ್ ಕಾರ್ಡ್ ಆ ಮಾತನ್ನು ಗಡಿಯ ಎರಡೂ ಕಡೆ ಪರೀಕ್ಷೆಗೆ ಒಡ್ಡಿದರು. ಬರ್ಗರ್ ಕಿಂಗ್, ಕೆಎಫ್‌ಸಿ, ವೆಂಡೀಸ್, ರಾಯ್ ರೋಜರ್ಸ್ ಸರಣಿಗಳ 410 ಮಳಿಗೆಗಳನ್ನು ಆರಿಸಿಕೊಂಡರು: ನ್ಯೂ ಜೆರ್ಸಿಯಲ್ಲಿ 331, ಪೂರ್ವ ಪೆನ್ಸಿಲ್ವೇನಿಯದಲ್ಲಿ 79. ಕೂಲಿ ಏರುವ ಮೊದಲೊಮ್ಮೆ, ಏರಿ ಏಳೆಂಟು ತಿಂಗಳಾದ ಮೇಲೆ ಮತ್ತೊಮ್ಮೆ, ಪೂರ್ಣಾವಧಿ ಕೆಲಸಗಾರರೆಷ್ಟು, ಅರೆಕಾಲಿಕರೆಷ್ಟು, ಬರ್ಗರ್ ಬೆಲೆಯೆಷ್ಟು ಎಂದು ವಿಚಾರಿಸಿದರು. ಎರಡನೆಯ ಸುತ್ತಿನಲ್ಲಿ ದೂರವಾಣಿಗೆ ಸಿಗದ ಮಳಿಗೆಗಳಿಗೆ ಸಂದರ್ಶಕರನ್ನೇ ಕಳಿಸಿದರು. ಬಾಗಿಲು ಮುಚ್ಚಿದ ಅಂಗಡಿ ಯಾವುದು, ರಿಪೇರಿಯಲ್ಲಿರುವುದು ಯಾವುದು ಎಂಬುದೂ ಲೆಕ್ಕಕ್ಕೆ ಬಂತು. ಉತ್ತರ ಕೊಡಲು ಒಪ್ಪದ ಮಳಿಗೆ ಒಂದೇ ಒಂದು. ಇಂಥ ಹಟವನ್ನು ನಾನು ವಿದ್ವತ್ತಿನಷ್ಟೇ ದೊಡ್ಡದೆಂದು ಎಣಿಸುತ್ತೇನೆ. ಮುಚ್ಚಿದ ಅಂಗಡಿಗಳನ್ನು ಎಣಿಕೆಯಿಂದ ಬಿಟ್ಟಿದ್ದರೆ ಇಡೀ ಅಧ್ಯಯನಕ್ಕೆ ಬೆಲೆಯೇ ಇರುತ್ತಿರಲಿಲ್ಲ.

ಪೆನ್ಸಿಲ್ವೇನಿಯಕ್ಕೆ ಹೋಲಿಸಿದರೆ ನ್ಯೂ ಜೆರ್ಸಿಯ ಮಳಿಗೆಗಳಲ್ಲಿ ಉದ್ಯೋಗ ಕುಗ್ಗಿರಲಿಲ್ಲ. ತುಸು ಹೆಚ್ಚೇ ಆಗಿತ್ತು. ಊಟದ ಬೆಲೆ ಮಾತ್ರ ಸ್ವಲ್ಪ ಏರಿತ್ತು. 1994ರಲ್ಲಿ ಈ ಲೇಖನ, ಮರುವರ್ಷ ಇದೇ ವಿಷಯದ ಪುಸ್ತಕ ಹೊರಬಂದಾಗ ಅರ್ಥಶಾಸ್ತ್ರಜ್ಞರ ವಲಯದಲ್ಲಿ ಎದ್ದ ಸಿಟ್ಟು ಸಾಮಾನ್ಯದ್ದಲ್ಲ. ಡೇವಿಡ್ ನ್ಯೂಮಾರ್ಕ್ ಮತ್ತು ವಿಲಿಯಂ ವಾಷರ್ ಮಳಿಗೆಗಳ ಸಂಬಳಪಟ್ಟಿಯನ್ನೇ ತರಿಸಿ ಲೆಕ್ಕ ಹಾಕಿ, ಉದ್ಯೋಗ ಇಳಿದಿದೆ ಎಂದರು. ಕಾರ್ಡ್ ಮತ್ತು ಕ್ರೂಗರ್ ಸರ್ಕಾರದ ಬಳಿ ಇದ್ದ ಸಂಬಳದ ದಾಖಲೆಗಳನ್ನು ಹಿಡಿದು 2000ದಲ್ಲಿ ಮತ್ತೆ ಲೆಕ್ಕ ಒಪ್ಪಿಸಿದರು. ಹೇಳಿಕೊಳ್ಳುವಂಥ ಉದ್ಯೋಗ ನಷ್ಟ ಅಲ್ಲೂ ಕಾಣಲಿಲ್ಲ. ಆ ಜಗಳದಿಂದ ಇಡೀ ಶಾಸ್ತ್ರಕ್ಕೆ ಒಂದು ಲಾಭವಾಯಿತು. ಕನಿಷ್ಠ ವೇತನದ ಬಗ್ಗೆ ಮಾತಾಡುವವರು ಅಂದಿನಿಂದ ತಮ್ಮ ಎಣಿಕೆಯನ್ನು ಮುಂದಿಡಲೇಬೇಕಾಯಿತು.

ಶಿಕ್ಷಣದ ಕಡೆಗೆ ಬಂದರೆ, ಜೋಶುವಾ ಆಂಗ್ರಿಸ್ಟ್ ಜೊತೆ 1991ರಲ್ಲಿ ಪ್ರಕಟಿಸಿದ ಅಧ್ಯಯನದ ಜಾಣ್ಮೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ಅವರು ಅಧ್ಯಯನ ಮಾಡಿದ ತಲೆಮಾರುಗಳ ಕಾಲಕ್ಕೆ ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಮಗು ತನಗೆ ಆರು ವರ್ಷ ತುಂಬುವ ವರ್ಷದಲ್ಲಿ ಶಾಲೆ ಸೇರಬೇಕಿತ್ತು, ಹದಿನಾರನೆಯ ಹುಟ್ಟುಹಬ್ಬದವರೆಗೆ ಬಿಡುವಂತಿರಲಿಲ್ಲ. ಜನವರಿಯಲ್ಲಿ ಹುಟ್ಟಿದವರು ಸೇರುವಾಗಲೇ ವಯಸ್ಸಿನಲ್ಲಿ ದೊಡ್ಡವರು. ಹದಿನಾರು ತುಂಬುವಷ್ಟರಲ್ಲಿ ಅವರು ಕಲಿತದ್ದು ಡಿಸೆಂಬರಿನಲ್ಲಿ ಹುಟ್ಟಿದವರಿಗಿಂತ ಕಡಿಮೆ. ಹುಟ್ಟಿದ ತಿಂಗಳನ್ನು ಯಾರೂ ಆರಿಸಿಕೊಂಡು ಬರುವುದಿಲ್ಲ. ಆದ್ದರಿಂದ ತಿಂಗಳಿನಿಂದ ಬಂದ ಓದಿನ ಸಣ್ಣ ಅಂತರ ಸಂಬಳದಲ್ಲೂ ಕಂಡರೆ, ಅದು ಕಾನೂನು ಹಿಡಿದು ಕೂರಿಸಿದ ಓದಿನ ಫಲ. ಜನಗಣತಿಯ ದಾಖಲೆಗಳಲ್ಲಿ ಆ ಅಂತರ ಕಂಡಿತು. (ನಮ್ಮ ಹಳೆಯ ತಲೆಮಾರಿನವರ ಮೇಲೆ ಈ ವಿಧಾನ ನಡೆಯದು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅನುಕೂಲ ನೋಡಿ ಬರೆದ ತಾರೀಖೇ ಎಷ್ಟೋ ಜನರ ಜನ್ಮದಿನವಾಗಿ ಉಳಿದಿದೆ.)

ಈ ಅಧ್ಯಯನದ ಮೇಲೂ ಟೀಕೆ ಬಂತು. ಹುಟ್ಟಿದ ತಿಂಗಳಿಗೂ ಓದಿಗೂ ಇರುವ ನಂಟು ತೀರಾ ತೆಳುವು, ಇಷ್ಟು ತೆಳುವಾದ ಎಳೆ ಹಿಡಿದು ಎಳೆದರೆ ಉತ್ತರ ದಾರಿ ತಪ್ಪುತ್ತದೆ ಎಂದು ಜಾನ್ ಬೌಂಡ್, ಡೇವಿಡ್ ಜೇಗರ್, ರೆಜಿನಾ ಬೇಕರ್ 1995ರಲ್ಲಿ ತೋರಿಸಿದರು. ನಿಜವಾದ ಹುಟ್ಟಿದ ಕಾಲದ ಬದಲು ಸುಮ್ಮನೆ ಮನಬಂದಂತೆ ಹಂಚಿದ ಕಾಲವನ್ನು ಹಾಕಿದರೂ ಹೆಚ್ಚುಕಡಿಮೆ ಅದೇ ಉತ್ತರ ಬರುತ್ತದೆ ಎಂಬುದು ಅವರ ಪ್ರಬಲ ಸಾಕ್ಷ್ಯ. ಆ ಪರೀಕ್ಷೆ ಮಾಡಿ ನೋಡಿ ಎಂದು ಅವರಿಗೆ ಸೂಚಿಸಿದವರು ಸ್ವತಃ ಕ್ರೂಗರ್! ತಮ್ಮ ಕೆಲಸ ಬೀಳಬಹುದಾದ ಪರೀಕ್ಷೆಯನ್ನು ಟೀಕಾಕಾರರ ಕೈಗೆ ತಾವೇ ಕೊಟ್ಟ ವಿದ್ವಾಂಸರು ಎಷ್ಟು ಜನ ಸಿಕ್ಕಾರು? ಹೊಸ ಬಗೆಯ, ಹಂಗಾಮಿ ಕೆಲಸಗಳು ಅಮೆರಿಕದಲ್ಲಿ ಬಹಳ ಬೆಳೆದಿವೆ ಎಂದು ಲಾರೆನ್ಸ್ ಕ್ಯಾಟ್ಜ್ ಜೊತೆ 2015ರ ಸಮೀಕ್ಷೆಯಿಂದ ತೋರಿಸಿದ್ದನ್ನೂ, ಸರ್ಕಾರದ ಹೊಸ ಅಂಕಿ ಬಂದ ಮೇಲೆ, ಆ ಬೆಳವಣಿಗೆ ನಾವು ಹೇಳಿದ್ದಕ್ಕಿಂತ ಚಿಕ್ಕದು ಎಂದು 2019ರ ಆರಂಭದಲ್ಲಿ ಇಬ್ಬರೂ ಬರೆದು ತಿದ್ದಿಕೊಂಡರು.

ತರಗತಿಯಲ್ಲಿ ಮಕ್ಕಳು ಕಡಿಮೆ ಇದ್ದರೆ ಕಲಿಕೆ ಸುಧಾರಿಸುತ್ತದೆಯೇ? ತಾಯಂದಿರು, ಮೇಷ್ಟ್ರುಗಳು ಹೌದೆನ್ನುತ್ತಾರೆ. ಅರ್ಥಶಾಸ್ತ್ರಜ್ಞ ಎರಿಕ್ ಹನುಶೆಕ್ 59 ಅಧ್ಯಯನಗಳಿಂದ 277 ಅಂದಾಜುಗಳನ್ನು ತೂಗಿ, ಅಂಥ ಸಂಬಂಧ ಸ್ಪಷ್ಟವಾಗಿ ಕಾಣುವುದಿಲ್ಲ ಎಂದಿದ್ದರು. ಕ್ರೂಗರ್ ಆ ತಕ್ಕಡಿಯನ್ನೇ ಪರಿಶೀಲಿಸಿದರು. ಕೆಲವೇ ಅಧ್ಯಯನಗಳಿಂದ ಬಹಳ ಅಂದಾಜು ಎತ್ತಿಕೊಂಡಿದ್ದರಿಂದ ಅವುಗಳ ತೂಕವೇ ಹೆಚ್ಚಾಗಿದೆ, ಪ್ರತಿ ಅಧ್ಯಯನಕ್ಕೂ ಸಮಾನ ತೂಕ ಕೊಟ್ಟರೆ ಚಿಕ್ಕ ತರಗತಿಯ ಲಾಭ ಕಾಣುತ್ತದೆ ಎಂದರು. ಅದಕ್ಕೂ ಗಟ್ಟಿಯಾದ ಪುರಾವೆ ಟೆನೆಸ್ಸಿ ರಾಜ್ಯದಲ್ಲಿತ್ತು. 1985ರಿಂದ ನಾಲ್ಕು ವರ್ಷ ಅಲ್ಲಿನ 79 ಶಾಲೆಗಳಲ್ಲಿ, ಸುಮಾರು 11,600 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ತರಗತಿಗಳಿಗೆ ಹಂಚಿದ್ದರು: 13ರಿಂದ 17 ಮಕ್ಕಳ ಚಿಕ್ಕ ತರಗತಿ, 22ರಿಂದ 25 ಮಕ್ಕಳ ಮಾಮೂಲಿ ತರಗತಿ, ಮಾಮೂಲಿ ತರಗತಿಗೇ ಪೂರ್ಣಕಾಲದ ಒಬ್ಬ ಸಹಾಯಕಿ. ಮೇಷ್ಟ್ರುಗಳ ಹಂಚಿಕೆಯೂ ಹಾಗೆಯೇ. ಮಕ್ಕಳು ನಡುವೆ ಶಾಲೆ ಬಿಟ್ಟದ್ದು, ತರಗತಿ ಬದಲಿಸಿದ್ದು ಮುಂತಾದ ಗೋಜಲುಗಳನ್ನೆಲ್ಲ ಬಿಡಿಸಿ 1999ರಲ್ಲಿ ಕ್ರೂಗರ್ ಫಲಿತಾಂಶ ಪ್ರಕಟಿಸಿದರು. ಚಿಕ್ಕ ತರಗತಿಗೆ ಸೇರಿದ ಮೊದಲ ವರ್ಷದಲ್ಲೇ ಮಕ್ಕಳು ನಾಲ್ಕು ಪರ್ಸೆಂಟೈಲ್‌ನಷ್ಟು ಮೇಲೇರಿದ್ದರು, ಆಮೇಲೆ ವರ್ಷಕ್ಕೊಂದರಂತೆ. ಸಹಾಯಕಿಯಿಂದ ಹೆಚ್ಚೇನೂ ಆಗಿರಲಿಲ್ಲ. ಲಾಭ ಹೆಚ್ಚು ಕಂಡದ್ದು ಕಪ್ಪು ಮಕ್ಕಳಲ್ಲಿ, ಉಚಿತ ಊಟಕ್ಕೆ ಅರ್ಹರಾದ ಬಡ ಮಕ್ಕಳಲ್ಲಿ. ಅದೇ ಮಕ್ಕಳು ಬೆಳೆದ ಮೇಲೆ ಡಯಾನ್ ವಿಟ್‌ಮೋರ್ ಜೊತೆ ಮತ್ತೆ ಅವರ ಜಾಡು ಹಿಡಿದರು. ಚಿಕ್ಕ ತರಗತಿಯಲ್ಲಿ ಕಲಿತವರು ಕಾಲೇಜು ಪ್ರವೇಶ ಪರೀಕ್ಷೆಗೆ ಕೂರುವ ಸಾಧ್ಯತೆ ಹೆಚ್ಚಿತ್ತು, ಆ ವಿಷಯದಲ್ಲಿ ಕಪ್ಪು ಮತ್ತು ಬಿಳಿ ಮಕ್ಕಳ ನಡುವಣ ಅಂತರ ಅರ್ಧಕ್ಕಿಂತ ಕೆಳಗೆ ಇಳಿದಿತ್ತು.

ಹಿಂದುಳಿದವರ ಮಕ್ಕಳಿಗೆ ಶಾಲೆಯಿಂದ ಏನಾಗುತ್ತದೆ ಎಂಬುದು ಅವರ ಕೆಲಸದಲ್ಲಿ ಮತ್ತೆ ಮತ್ತೆ ಕಾಣುವ ಎಳೆ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಮಕ್ಕಳಿಗೆ ಬೇರೆ ಶಾಲೆ ಇದ್ದ ಕಾಲದ ದಾಖಲೆಗಳನ್ನು ಕಾರ್ಡ್ ಜೊತೆ ಕೆದಕಿ, ಮೇಷ್ಟ್ರ ಸಂಬಳ, ತರಗತಿಯ ಗಾತ್ರ, ಶಾಲೆ ನಡೆದ ದಿನಗಳನ್ನೆಲ್ಲ ಕಲೆಹಾಕಿದರು. 1960ರಿಂದ 1980ರ ನಡುವೆ ಕಪ್ಪು ಮತ್ತು ಬಿಳಿ ಗಂಡಸರ ಸಂಪಾದನೆಯ ಅಂತರ ಕಿರಿದಾದುದರಲ್ಲಿ ಐದನೆಯ ಒಂದು ಪಾಲು ಆ ಶಾಲೆಗಳು ಸುಧಾರಿಸಿದ್ದರಿಂದ ಬಂದದ್ದು ಎಂದು ತೋರಿಸಿದರು. 2002ರಲ್ಲಿ ಸ್ಟೇಸಿ ಡೇಲ್ ಜೊತೆ ಪ್ರತಿಷ್ಠಿತ ಕಾಲೇಜುಗಳ ಮೋಹವನ್ನೂ ಪರೀಕ್ಷಿಸಿದರು. ಹೆಸರುವಾಸಿ ಕಾಲೇಜಿನಲ್ಲಿ ಸೀಟು ಸಿಕ್ಕಿಯೂ ಬೇರೆ ಕಡೆ ಓದಿದವರು, ಅಲ್ಲೇ ಓದಿದವರಷ್ಟೇ ಸಂಪಾದಿಸುತ್ತಿದ್ದರು. ಬಡ ಮನೆಯ ಮಕ್ಕಳಿಗೆ ಮಾತ್ರ ಆ ಕಾಲೇಜು ನಿಜಕ್ಕೂ ಸಂಪಾದನೆ ಹೆಚ್ಚಿಸಿತ್ತು. ಸೀಟಿಗಾಗಿ ಮಕ್ಕಳ ನಿದ್ದೆಗೆಡಿಸುವ ಉಳ್ಳವರ ಮನೆಗಳಿಗೆ ಈ ಒಂದು ಲೇಖನ ತಲುಪಲಿ ಎಂದು ನನ್ನ ಆಸೆ.

ಸರ್ಕಾರದಲ್ಲಿ ಅವರು ಕಾರ್ಮಿಕ ಇಲಾಖೆಯ ಮುಖ್ಯ ಅರ್ಥಶಾಸ್ತ್ರಜ್ಞ, ಹಣಕಾಸು ಇಲಾಖೆಯ ಸಹಾಯಕ ಕಾರ್ಯದರ್ಶಿ, 2011ರಿಂದ 2013ರವರೆಗೆ ಅಧ್ಯಕ್ಷ ಒಬಾಮ ಅವರ ಆರ್ಥಿಕ ಸಲಹಾ ಮಂಡಳಿಯ ಮುಖ್ಯಸ್ಥ. ಅಸಮಾನತೆ ಹೆಚ್ಚಿದ ದೇಶಗಳಲ್ಲಿ ಮಕ್ಕಳ ಗಳಿಕೆ ತಂದೆಯ ಗಳಿಕೆಗೆ ಹೆಚ್ಚು ಕಟ್ಟುಬಿದ್ದಿರುತ್ತದೆ ಎಂಬ ಮೈಲ್ಸ್ ಕೊರಾಕ್ ಅವರ ಲೆಕ್ಕವನ್ನು 2012ರ ಭಾಷಣವೊಂದರಲ್ಲಿ 'ಗ್ರೇಟ್ ಗ್ಯಾಟ್ಸ್‌ಬಿ ರೇಖೆ' ಎಂಬ ಹೆಸರಿನಲ್ಲಿ ಜನರ ಮುಂದಿಟ್ಟರು.

ಕೊನೆಯ ವರ್ಷಗಳಲ್ಲಿ ಅವರು ಹಳೆಯ ಫಾಸ್ಟ್‌ಫುಡ್ ಮಳಿಗೆಗಳ ಬಳಿಗೇ ಮರಳಿದ್ದರು. ಆಶೆನ್‌ಫೆಲ್ಟರ್ ಜೊತೆ ದೊಡ್ಡ ಫ್ರ್ಯಾಂಚೈಸಿ ಸರಣಿಗಳ ಕರಾರುಪತ್ರಗಳನ್ನು ಓದಿ ನೋಡಿದರೆ, ಶೇ 58ರಷ್ಟರಲ್ಲಿ ಒಂದೇ ಸರಣಿಯ ಒಂದು ಮಳಿಗೆಯ ಕೆಲಸಗಾರರನ್ನು ಇನ್ನೊಂದು ಮಳಿಗೆ ಸೆಳೆದುಕೊಳ್ಳಬಾರದು ಎಂಬ ಷರತ್ತು ಇತ್ತು. ಕೂಲಿಯವರಿಗೆ ಪಕ್ಕದ ಬಾಗಿಲು ಮುಚ್ಚಿದ್ದರೆ ಮಾಲೀಕ ಕೊಟ್ಟದ್ದೇ ಕೂಲಿ. ಅಂಥ ಕಡೆ ಕನಿಷ್ಠ ವೇತನ ಏರಿಸಿದರೂ ಕೆಲಸ ಏಕೆ ಕುಸಿಯುವುದಿಲ್ಲ ಎಂಬ ಹಳೆಯ ಪ್ರಶ್ನೆಗೆ ಒಂದು ಉತ್ತರ ಇಲ್ಲಿತ್ತು. ಮುಂದೆ ವಾಷಿಂಗ್ಟನ್ ರಾಜ್ಯದ ಅಟಾರ್ನಿ ಜನರಲ್ ಒತ್ತಾಯಕ್ಕೆ ಹಲವು ಸರಣಿಗಳು ಆ ಷರತ್ತು ಕೈಬಿಟ್ಟವು.

2019ರ ಮಾರ್ಚ್‌ನಲ್ಲಿ, 58ನೆಯ ವಯಸ್ಸಿನಲ್ಲಿ, ಕ್ರೂಗರ್ ತಮ್ಮ ಜೀವವನ್ನು ತಾವೇ ಕೊನೆಗೊಳಿಸಿಕೊಂಡರು ಎಂದು ಅವರ ಕುಟುಂಬ ತಿಳಿಸಿತು. 2021ರ ಅರ್ಥಶಾಸ್ತ್ರದ ನೊಬೆಲ್ ಕಾರ್ಡ್, ಆಂಗ್ರಿಸ್ಟ್ ಮತ್ತು ಗಿಡೊ ಇಂಬೆನ್ಸ್ ಅವರಿಗೆ ಹೋಯಿತು. ಕನಿಷ್ಠ ವೇತನದ ಅಧ್ಯಯನ, ಹುಟ್ಟಿದ ತಿಂಗಳಿನ ಅಧ್ಯಯನ ಎರಡರಲ್ಲೂ ಕ್ರೂಗರ್ ಅವರ ಹೆಸರು ಜೊತೆಗಿದೆ. ತೀರಿಕೊಂಡವರಿಗೆ ಆ ಪ್ರಶಸ್ತಿ ಕೊಡುವ ಪದ್ಧತಿಯಿಲ್ಲ.

ಕನಿಷ್ಠ ವೇತನದ ಪರ ವಾದಿಸುವವರು ಕ್ರೂಗರ್ ಹೆಸರನ್ನು ಸದಾ ಮುಂದಿಡುತ್ತಾರೆ. ಆದರೆ ದೇಶದುದ್ದಕ್ಕೂ 15 ಡಾಲರ್ ಮಾಡಬೇಕೆಂಬ ಕೂಗು ಎದ್ದಾಗ, 2015ರಲ್ಲಿ, ಅವರು ಪತ್ರಿಕೆಗೆ ಬರೆದು ಎಚ್ಚರಿಸಿದ್ದರು. 12 ಡಾಲರಿನಷ್ಟಾದರೆ ಒಳಿತೇ ಹೆಚ್ಚು. 15 ಎಂದರೆ ಇದುವರೆಗಿನ ಸಂಶೋಧನೆ ನೋಡಿರುವ ಮಟ್ಟವನ್ನು ಮೀರುತ್ತದೆ, ಅಲ್ಲಿ ಅಪಾಯವಿದೆ ಎಂಬುದು ಅವರ ನಿಲುವು. ಈಗ ಹಲವು ರಾಜ್ಯಗಳು ಆ ಮಟ್ಟ ದಾಟಿವೆ. 2024ರ ಏಪ್ರಿಲ್ 1ರಿಂದ ಕ್ಯಾಲಿಫೋರ್ನಿಯದಲ್ಲಿ ದೊಡ್ಡ ಫಾಸ್ಟ್‌ಫುಡ್ ಸರಣಿಗಳ ಕೆಲಸಗಾರರಿಗೆ ಗಂಟೆಗೆ ಕನಿಷ್ಠ 20 ಡಾಲರ್. ಅದರಿಂದ ಉದ್ಯೋಗ ಇಳಿಯಿತೆಂದು ಒಂದು ತಂಡ, ಇಳಿಯಲಿಲ್ಲವೆಂದು ಇನ್ನೊಂದು ತಂಡ ಆಗಲೇ ಲೆಕ್ಕ ಮುಂದಿಟ್ಟಿವೆ.