ಹಗಲು ಐಟಿಐ, ಸಂಜೆ ಹಾರ್ಮೋನಿಯಂ: ಸಿ. ಅಶ್ವಥ್

ಐಟಿಐ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ಫಿಟ್ಟರ್, ಟರ್ನರ್ ಕೋರ್ಸ್ ನೆನಪಾಗುತ್ತೆ. ಆದರೆ ಬೆಂಗಳೂರಿನ ಹಳಬರಿಗೆ ಐಟಿಐ ಅಂದ್ರೆ ಕೆ.ಆರ್. ಪುರದ ಹತ್ತಿರ ದೂರವಾಣಿನಗರದಲ್ಲಿರುವ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. 1948ರಲ್ಲಿ ಶುರುವಾದ ಕಾರ್ಖಾನೆ. ಬೆರಳು ಹಾಕಿ ತಿರುಗಿಸುವ ಕಪ್ಪು ಫೋನು ಇತ್ತಲ್ಲ, ಅಂಥವನ್ನು ತಯಾರಿಸಿ ದೇಶಕ್ಕೆಲ್ಲ ಕಳಿಸಿದ ಜಾಗ. ಅಲ್ಲಿ ಇಪ್ಪತ್ತೇಳು ವರ್ಷ ನೌಕರಿ ಮಾಡಿ 1992ರಲ್ಲಿ ನಿವೃತ್ತರಾದ ಒಬ್ಬ ಅಧಿಕಾರಿಯ ದನಿಯನ್ನು ನಾವೆಲ್ಲರೂ ಕೇಳಿದ್ದೇವೆ. ಅವರು ಸಿ. ಅಶ್ವಥ್.

ಕನ್ನಡ ಸಂಘದ ಯಾವ ಕಾರ್ಯಕ್ರಮ ಇರಲಿ, ಅವರ ರಾಗ ಸಂಯೋಜನೆಯ ಒಂದಾದರೂ ಹಾಡು ಇರುತ್ತೆ. ಎನ್.ಆರ್. ಕಾಲೊನಿಯಲ್ಲಿ ಅವರ ಹೆಸರಿನ ಕಲಾಭವನ ಇದೆ. ನಮ್ಮಲ್ಲಿ ಎಷ್ಟೋ ಜನ ಅದರ ಮುಂದೆಯೇ ಬಸ್ ಹತ್ತುತ್ತೇವೆ. ಆದರೂ ಅಶ್ವಥ್ ನಿಜಕ್ಕೂ ಮಾಡಿದ ಕೆಲಸ ಏನು ಅಂತ ಕೇಳಿದ್ರೆ ‘ಶರೀಫರ ಹಾಡು ಹಾಡ್ತಿದ್ರು’ ಅನ್ನೋದಕ್ಕಿಂತ ಮುಂದೆ ನಮ್ಮ ಉತ್ತರ ಹೋಗಲ್ಲ. ಆ ಉತ್ತರ ತಪ್ಪಲ್ಲ, ಆದರೆ ಅರ್ಧ ಮಾತ್ರ.

ಹುಟ್ಟಿದ್ದು 1939ರ ಡಿಸೆಂಬರ್ 29ರಂದು, ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ. ಹಿಂದೂಸ್ತಾನಿ ಸಂಗೀತ ಕಲಿತದ್ದು ದೇವಗಿರಿ ಶಂಕರ ಜೋಶಿ ಅವರ ಬಳಿ. ಸಿನಿಮಾಕ್ಕೆ ಬಂದದ್ದು 1977ರ ‘ಕಾಕನಕೋಟೆ’ಯಿಂದ, ಮಾಸ್ತಿಯವರ ನಾಟಕವನ್ನು ಸಿ.ಆರ್. ಸಿಂಹ ಚಿತ್ರವಾಗಿಸಿದ್ದರು. ಆಮೇಲೆ ಎಲ್. ವೈದ್ಯನಾಥನ್ ಜೊತೆ ಸೇರಿ ‘ಅಶ್ವಥ್–ವೈದಿ’ ಹೆಸರಲ್ಲಿ ‘ಆಲೆಮನೆ’ಯಂಥ ಚಿತ್ರಗಳಿಗೆ ಸಂಗೀತ ಕೊಟ್ಟರು. ವೈದಿ ಯಾರು ಅಂತ ಗೊತ್ತಾಗದಿದ್ದರೆ ‘ಮಾಲ್ಗುಡಿ ಡೇಸ್’ ಶೀರ್ಷಿಕೆ ಸಂಗೀತ ನೆನಪಿಸಿಕೊಳ್ಳಿ, ಅದು ಅವರದ್ದೇ. ಮುಂದೆ ಟಿ.ಎಸ್. ನಾಗಾಭರಣ ಅವರ ‘ಸಂತ ಶಿಶುನಾಳ ಶರೀಫ’, ‘ಮೈಸೂರ ಮಲ್ಲಿಗೆ’, ‘ಚಿನ್ನಾರಿ ಮುತ್ತ’, ‘ನಾಗಮಂಡಲ’. ಇವುಗಳಲ್ಲಿ ಮೊದಲ ಎರಡು ಬರುವಾಗ ಅಶ್ವಥ್ ಇನ್ನೂ ಐಟಿಐ ನೌಕರರೇ. ಅಂದ್ರೆ ನಾವು ಇವತ್ತು ಅವರ ಹೆಸರಿನ ಜೊತೆ ನೆನಪಿಸಿಕೊಳ್ಳುವ ಬಹುಪಾಲು ಕೆಲಸ ನಡೆದದ್ದು ಡ್ಯೂಟಿ ಮುಗಿದ ಮೇಲೆ, ರಜೆಯ ದಿನಗಳಲ್ಲಿ. ಪ್ಲೇಸ್‌ಮೆಂಟ್ ಆದ್ಮೇಲೆ ಗಿಟಾರ್ ಅಟ್ಟ ಸೇರಬೇಕು ಅಂತೇನಿಲ್ಲ ಅನ್ನೋದಕ್ಕೆ ಇದನ್ನು ಉದಾಹರಣೆ ಮಾಡಿಕೊಳ್ಳುವ ಆಸೆ ನಮಗೂ ಇದೆ. ಆದರೆ ಆಗಿನ ಸಾರ್ವಜನಿಕ ರಂಗದ ಕಾರ್ಖಾನೆಯ ಶಿಫ್ಟಿಗೂ ಈಗಿನ ಔಟರ್ ರಿಂಗ್ ರೋಡ್ ಕಂಪನಿಗಳ ರಾತ್ರಿ ಹತ್ತರ ಕಾಲ್‌ಗೂ ಹೋಲಿಕೆ ಮಾಡೋದು ಸ್ವಲ್ಪ ಅನ್ಯಾಯ.

ಅಮೆರಿಕದ ಕಂಟ್ರಿ ಸಂಗೀತದಲ್ಲಿ ಹ್ಯಾಂಕ್ ವಿಲಿಯಮ್ಸ್, ಜಾನ್ ಡೆನ್ವರ್ ತರದವರು ತಮ್ಮ ಹಾಡನ್ನು ತಾವೇ ಬರೆದು, ತಾವೇ ರಾಗ ಹಾಕಿ, ತಾವೇ ಹಾಡಿದರು. ನಮ್ಮ ಭಾವಗೀತೆಯ ಲೋಕ ಹಾಗಲ್ಲ. ಇಲ್ಲಿ ಕವಿ ಬೇರೆ, ರಾಗ ಹಾಕುವವರು ಬೇರೆ, ಎಷ್ಟೋ ಸಲ ಹಾಡುವವರೂ ಬೇರೆ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ ಸಂಕಲನ ಬಂದದ್ದು 1942ರಲ್ಲಿ. ಆ ಕವಿತೆಗಳು ಕ್ಯಾಸೆಟ್ಟಾಗಿ ಮನೆಮನೆ ಸೇರಲು ಸುಮಾರು ನಾಲ್ಕು ದಶಕ ಬೇಕಾಯಿತು. 1978ರ ‘ನಿತ್ಯೋತ್ಸವ’ ಭಾವಗೀತೆಗಳ ಕ್ಯಾಸೆಟ್ ಯುಗಕ್ಕೆ ಬಾಗಿಲು ತೆರೆಯಿತು: ಕವಿ ನಿಸಾರ್ ಅಹಮದ್, ಭೂವಿಜ್ಞಾನದ ಮೇಷ್ಟ್ರು, ಸಂಗೀತ ಮೈಸೂರು ಅನಂತಸ್ವಾಮಿಯವರದು. ಆಕಾಶವಾಣಿ ಹಾಕಿದಾಗ ಮಾತ್ರ ಕೇಳಬಹುದಾಗಿದ್ದ ಹಾಡು ಈಗ ಬೇಕಾದಾಗ, ಬೇಕಾದಷ್ಟು ಸಲ ಕೇಳುವಂತಾಯಿತು. ಅಶ್ವಥ್ ಅವರ ದೊಡ್ಡ ಕೆಲಸಕ್ಕೆ ನೆಲ ಸಿಕ್ಕಿದ್ದು ಇಲ್ಲಿ.

ಕವಿತೆಗೆ ರಾಗ ಹಾಕೋದು ಅಂದ್ರೇನು? ಪುಸ್ತಕದಲ್ಲಿರುವ ಕವಿತೆಗೆ ಛಂದಸ್ಸು ಇರುತ್ತೆ, ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳು. ಆದರೆ ಪಲ್ಲವಿ ಯಾವುದು, ಚರಣ ಎಲ್ಲಿಂದ, ಯಾವ ಪದವನ್ನು ಎಳೀಬೇಕು, ಎಲ್ಲಿ ಉಸಿರು ಬಿಡಬೇಕು ಅಂತ ಕವಿ ಬರೆದಿಟ್ಟಿರೋದಿಲ್ಲ. ಕವಿತೆಯ ನಾಲ್ಕು ಮಾತ್ರೆಯ ನಡೆಯನ್ನು ಅದೇ ಲೆಕ್ಕದ ತಾಳಕ್ಕೆ ಕೂರಿಸಿದರೆ ಹಾಡು ಸಲೀಸಾಗಿ ಹೋಗುತ್ತೆ, ಆದರೆ ಮಗ್ಗಿ ಒಪ್ಪಿಸಿದ ಹಾಗೆ ಕೇಳುವ ಅಪಾಯ ಇರುತ್ತೆ. ಎಳೆದರೆ ಭಾವ ಬರುತ್ತೆ, ಪದ ಒಡೆಯುತ್ತೆ. ‘ಮನೆಗೆ’ ಅನ್ನೋದನ್ನ ‘ಮ... ನೆಗೆ’ ಅಂತ ಹಾಡಿದರೆ ಕೇಳುವವನಿಗೆ ಯಾರೋ ಜಿಗಿದ ಹಾಗೆ ಅನಿಸುತ್ತೆ. ಇದರ ಮಧ್ಯೆ ಒಂದು ದಾರಿ ಹುಡುಕೋದೇ ಸಂಯೋಜಕನ ಕೆಲಸ.

ನಮ್ಮ ಕಿವಿಗೆ ಅಶ್ವಥ್ ಆ ದಾರಿಯನ್ನು ನಾಟಕದವರ ಹಾಗೆ ಹುಡುಕುತ್ತಾರೆ. ಈ ಸಾಲನ್ನು ಯಾರು, ಯಾರಿಗೆ, ಯಾವ ಸಿಟ್ಟಲ್ಲಿ ಅಥವಾ ಯಾವ ಪ್ರೀತಿಯಲ್ಲಿ ಹೇಳುತ್ತಿದ್ದಾರೆ ಅನ್ನೋದು ಮೊದಲು, ರಾಗ ಆಮೇಲೆ. ಅದಕ್ಕೇ ಅವರ ಹಾಡಿನಲ್ಲಿ ಒಂದೇ ಸಾಲು ಮೂರು ಸಲ ಬಂದರೆ ಮೂರು ಸಲವೂ ಬೇರೆ ಒತ್ತು. ತಾರಸ್ಥಾಯಿಯಲ್ಲಿ ದನಿ ಸ್ವಲ್ಪ ಒಡೆದರೂ ಅವರಿಗೆ ಅದರ ಚಿಂತೆ ಇಲ್ಲ. ಇದು ಎಲ್ಲಾ ಕವಿತೆಗೂ ಹೊಂದುತ್ತೆ ಅಂತ ನಾವು ಹೇಳಲ್ಲ. ನರಸಿಂಹಸ್ವಾಮಿಯವರ ಮೆಲುದನಿಯ ದಾಂಪತ್ಯದ ಹಾಡುಗಳನ್ನು ಅಶ್ವಥ್ ಸಂಯೋಜನೆಯಲ್ಲಿ ರತ್ನಮಾಲಾ ಪ್ರಕಾಶ್ ಹಾಡಿದಾಗಲೇ ನಮಗೆ ಹೆಚ್ಚು ಹಿಡಿಸೋದು. ಆದರೆ ಶರೀಫರ ಪದಗಳಿಗೆ ಬಂದ್ರೆ ಆ ಎದೆ ಬಿಚ್ಚಿದ ದನಿಗೆ ಬದಲಿ ಇಲ್ಲ.

ಶಿಶುನಾಳ ಶರೀಫರು ಬದುಕಿದ್ದು 1819ರಿಂದ 1889. ಭಾರತದಲ್ಲಿ ಗ್ರಾಮಫೋನ್ ಧ್ವನಿಮುದ್ರಣ ಶುರುವಾದದ್ದು 1902ರಲ್ಲಿ. ಹಾಗಾಗಿ ಶರೀಫರು ತಮ್ಮ ಪದಗಳನ್ನು ಹೇಗೆ ಹಾಡಿದರು ಅನ್ನೋದಕ್ಕೆ ಧ್ವನಿಯ ಸಾಕ್ಷಿ ಇಲ್ಲ. ಇದ್ದದ್ದು ಹಾವೇರಿ, ಧಾರವಾಡ ಕಡೆಯ ಭಜನಾ ಮೇಳಗಳ ಬಾಯಲ್ಲಿ, ಒಂದೊಂದು ಊರಿಗೆ ಒಂದೊಂದು ಧಾಟಿಯಲ್ಲಿ. ಆ ಪದಗಳನ್ನು ಸಂಗ್ರಹಿಸಿ ಸಂಪಾದಿಸಿ ಬೆಂಗಳೂರಿನ ಓದುಗರ ಮುಂದಿಟ್ಟವರಲ್ಲಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಮುಖ್ಯರು. ಅಶ್ವಥ್ ಅವಕ್ಕೆ ಹೊಸದಾಗಿ ರಾಗ ಕಟ್ಟಿದರು. ಮೊದಲು ಕ್ಯಾಸೆಟ್, ಆಮೇಲೆ ಶ್ರೀಧರ್ ಶರೀಫರಾಗಿ, ಗಿರೀಶ್ ಕಾರ್ನಾಡ್ ಗೋವಿಂದ ಭಟ್ಟರಾಗಿ ನಟಿಸಿದ ಸಿನಿಮಾ. ಆ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯ ವಿಭಾಗದ ರಾಷ್ಟ್ರಪ್ರಶಸ್ತಿಯೂ ಬಂತು.

ಹೊರದೇಶದಲ್ಲೂ ಇಂಥದ್ದೊಂದು ನಡೆದಿದೆ. ಅಮೆರಿಕದ ಹಾಡುಗಾರ ವುಡಿ ಗತ್ರಿ ರಾಗವಿಲ್ಲದೆ ಬಿಟ್ಟುಹೋದ ಸಾಹಿತ್ಯಕ್ಕೆ ಬಿಲ್ಲಿ ಬ್ರ್ಯಾಗ್ ಮತ್ತು ವಿಲ್ಕೊ ತಂಡ ಸೇರಿ ರಾಗ ಹಾಕಿ 1998ರಲ್ಲಿ ‘ಮರ್ಮೇಯ್ಡ್ ಅವೆನ್ಯೂ’ ಆಲ್ಬಂ ತಂದರು. ಆದರೆ ಅಲ್ಲಿ ಹಳೆಯ ಧಾಟಿಯೇ ಉಳಿದಿರಲಿಲ್ಲ. ಇಲ್ಲಿ ಹಾಗಲ್ಲ, ಧಾಟಿಗಳು ಜೀವಂತವಾಗಿದ್ದವು. ಕ್ಯಾಸೆಟ್ಟಿನ ರಾಗ ಎಷ್ಟು ಗಟ್ಟಿಯಾಗಿ ನಿಂತಿತೆಂದರೆ ಇವತ್ತು ‘ಕೋಡಗನ ಕೋಳಿ’ ಅಂದ್ರೆ ನಮ್ಮ ಬಾಯಿಗೆ ಬರೋದು ಅದೇ. ಉತ್ತರ ಕರ್ನಾಟಕದಿಂದ ಬಂದ ಹಾಸ್ಟೆಲ್ ಗೆಳೆಯರನ್ನು ಕೇಳಿನೋಡಿ, ಅಜ್ಜಂದಿರ ಭಜನೆಯಲ್ಲಿ ಬೇರೆ ಧಾಟಿ ಕೇಳಿದವರು ಸಿಗಬಹುದು. ಲಕ್ಷಾಂತರ ಜನರಿಗೆ ಶರೀಫರನ್ನು ಮುಟ್ಟಿಸಿದ ರಾಗವೇ ಹಳೆಯ ಧಾಟಿಗಳನ್ನು ಹಿಂದಕ್ಕೂ ತಳ್ಳಿತು. ಇದಕ್ಕೆ ಅಶ್ವಥ್ ಅವರನ್ನು ದೂರೋದು ಸರಿಯಲ್ಲ. ಭಜನಾ ಮೇಳಗಳನ್ನು ರೆಕಾರ್ಡ್ ಮಾಡಿಕೊಳ್ಳಲು ನಮ್ಮ ಕೈಲಿ ಈಗ ಫೋನ್ ಇದ್ಯಲ್ಲ.

ಅರ್ಥದ ವಿಷಯಕ್ಕೂ ಇಷ್ಟೇ ಗಮನ ಬೇಕು. ‘ಸೋರುತಿಹುದು’ ಪದದ ‘ಮಾಳಿಗಿ’ಯನ್ನು ಬೆಂಗಳೂರಿನ ನಾವು ಮಹಡಿ ಅಂದುಕೊಂಡೇ ಹಾಡ್ತೀವಿ. ಆ ಕಡೆ ಮಾಳಿಗಿ ಅಂದ್ರೆ ಮರದ ತೊಲೆಗಳ ಮೇಲೆ ಮಣ್ಣು ಬಡಿದು ಮಾಡಿದ ಸಮತಟ್ಟಾದ ಚಾವಣಿ. ಕಾಲಕಾಲಕ್ಕೆ ಮಣ್ಣು ಹಾಕಿ ಗಟ್ಟಿ ಮಾಡದಿದ್ದರೆ ಮಳೆಗಾಲದಲ್ಲಿ ಸೋರುತ್ತೆ. ಸಿವಿಲ್ ವಿಭಾಗದವರಿಗೆ ಬೇಗ ಹೊಳೆಯಬೇಕು: ಇದು ಮೇಂಟೆನೆನ್ಸ್ ಹಾಡು, ಮನೆಯದ್ದೂ ಹೌದು, ಮನಸ್ಸಿನದ್ದೂ ಹೌದು.

2005ರ ಏಪ್ರಿಲ್‌ನಲ್ಲಿ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ನಡೆಯಿತು. ಭಾವಗೀತೆ ಅಂದ್ರೆ ಸಣ್ಣ ಸಭಾಂಗಣ, ಒಂದು ಹಾರ್ಮೋನಿಯಂ, ಒಂದು ತಬಲಾ ಅನ್ನೋ ಲೆಕ್ಕವನ್ನು ಅದು ತಲೆಕೆಳಗು ಮಾಡಿತು. ಸಿನಿಮಾ ತಾರೆಯರಿಗೆ ಸೇರುವಷ್ಟು ಜನ ಕವಿತೆ ಕೇಳೋಕೆ ಬಂದರು.

2009ರ ಡಿಸೆಂಬರ್ 29ರಂದು, ಎಪ್ಪತ್ತು ತುಂಬಿದ ದಿನವೇ ಅಶ್ವಥ್ ತೀರಿಕೊಂಡರು. ಮರುದಿನ ಬೆಳಗ್ಗೆ ವಿಷ್ಣುವರ್ಧನ್ ಹೋದರು. ಊರು ಆ ದುಃಖದಲ್ಲಿ ಮುಳುಗಿತು, ಅಶ್ವಥ್ ಸುದ್ದಿ ಒಂದೇ ದಿನಕ್ಕೆ ಹಿಂದೆ ಸರಿಯಿತು.

ಅವರ ರಾಗಗಳ ಜಗಳ ಮಾತ್ರ ಮುಗಿದಿಲ್ಲ. ಕುವೆಂಪು ಅವರ ಕವಿತೆ 2004ರಲ್ಲಿ ನಾಡಗೀತೆಯಾಯಿತು. ಅದಕ್ಕೆ ಅನಂತಸ್ವಾಮಿಯವರ ರಾಗವೂ ಇತ್ತು, ಅಶ್ವಥ್ ಅವರದ್ದೂ ಇತ್ತು. 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯಲ್ಲೇ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕು ಅಂತ ಆದೇಶ ಮಾಡಿತು. ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ ಹೈಕೋರ್ಟ್ ಮೆಟ್ಟಿಲೇರಿದರು. 2024ರಲ್ಲಿ ಅರ್ಜಿ ವಜಾ ಆಯಿತು. ಶಾಲೆ ಮಕ್ಕಳೆಲ್ಲ ಒಟ್ಟಿಗೆ ಹಾಡೋಕೆ ಒಂದೇ ಧಾಟಿ ಬೇಕು ಅನ್ನೋ ವಾದ ನಮಗೆ ಒಪ್ಪಿಗೆ. ಆದರೆ ನಾಡಗೀತೆಯಾಗಿ ಅಲ್ಲದೆ, ವೇದಿಕೆಯಲ್ಲಿ ಕವಿತೆಯಾಗಿ ಹಾಡುವಾಗ ಅಶ್ವಥ್ ಧಾಟಿಯೂ ಬದುಕಿರಲಿ.

ಇನ್ನು ನಮ್ಮದೇ ಫೆಸ್ಟ್ ವಿಡಿಯೊಗಳ ವಿಷಯ. ಕಹೋನ್, ಗಿಟಾರ್ ಇಟ್ಟುಕೊಂಡು ಶರೀಫರ ಪದ ಹಾಡ್ತೀವಿ, ಕೆಳಗೆ ‘ಜಾನಪದ’ ಅಂತ ಬರೀತೀವಿ. ಸಾಹಿತ್ಯ ಶರೀಫರದ್ದು, ಅದರ ಹಕ್ಕುಸ್ವಾಮ್ಯದ ಪ್ರಶ್ನೆ ಈಗಿಲ್ಲ. ಆದರೆ ನಾವು ಹಾಡೋ ರಾಗ ಕ್ಯಾಸೆಟ್ಟಿನದ್ದಾದರೆ ಅದಕ್ಕೆ ಒಬ್ಬ ಕರ್ತೃ ಇದ್ದಾರೆ. ಭಾರತದ ಕಾನೂನಿನ ಪ್ರಕಾರ ಸಂಗೀತ ಕೃತಿಯ ಹಕ್ಕು ಸಂಯೋಜಕರು ತೀರಿಕೊಂಡು 60 ವರ್ಷದವರೆಗೆ ಇರುತ್ತೆ. ಅಶ್ವಥ್ ಸಂಯೋಜನೆಗಳಿಗೆ ಅದು 2069ರ ಕೊನೆಯವರೆಗೆ. ನವೆಂಬರ್ ಕಾರ್ಯಕ್ರಮದ ಪೋಸ್ಟರ್ ಮಾಡುತ್ತಿರುವ ಮೂರನೇ ಸೆಮ್‌ನವರು ಹಾಡಿನ ಪಟ್ಟಿಯಲ್ಲಿ ಎರಡು ಕಾಲಂ ಇಡಿ: ಸಾಹಿತ್ಯ ಯಾರದ್ದು, ರಾಗ ಯಾರದ್ದು. ಯಾವುದಾದರೂ ಹಾಡಿಗೆ ಎರಡನೇ ಕಾಲಂ ಖಾಲಿ ಉಳಿದರೆ ಹಾಡುವವರ ಹತ್ತಿರವೇ ಕೇಳಿ, ಅವರಿದನ್ನು ಯಾರಿಂದ ಕಲಿತರು ಅಂತ.