ರಾತ್ರಿ ನಾಯಿಗೆ ಒಳಗೊಂದು ಜಾಗ

ಕಾರ್ಕಳ ಕಡೆಯ ಕಾಡಂಚಿನ ಮನೆಯವರೇ, ಕತ್ತಲಾದ ಮೇಲೆ ನಾಯಿಯನ್ನು ಅಂಗಳದಲ್ಲಿ ಕಟ್ಟಬೇಡಿ. ಚಿರತೆಗೆ ನಾಯಿ ಸುಲಭದ ಬೇಟೆ. ಸರಪಳಿಯಲ್ಲಿದ್ದರೆ ಅದಕ್ಕೆ ಓಡುವ ದಾರಿಯೂ ಇಲ್ಲ. ಹಾಗಂತ ಮನೆಯಿಡೀ ಬಿಡಬೇಕಾಗಿಲ್ಲ. ಗ್ರಿಲ್ ಹಾಕಿದ ಜಗಲಿ, ಇಲ್ಲವೇ ಒಳಗಿನ ಒಂದು ಕೋಣೆ ಸಾಕು.

ಮೊದಲು ಗ್ರಿಲ್ಲಿನ ಸಂದು ನೋಡಿ. ಮರಿಯ ತಲೆ ತೂರುವಷ್ಟಿದ್ದರೆ ಕೆಳಭಾಗಕ್ಕೆ ಜಾಲರಿ ಬಿಗಿಯಿರಿ. ಕಾಪುವಿನಂಥ ಕಡಲ ಬದಿಯಲ್ಲಿ ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಚಿಲಕವನ್ನು ಆಗಾಗ ಅಲ್ಲಾಡಿಸಿ ನೋಡಿ. ಬಾಗಿಲಿಗೆ ಅಡ್ಡ ಗೇಟ್ ಹಾಕುವುದಾದರೆ ನಾಯಿ ಹಾರಿ ದಾಟದಷ್ಟು ಎತ್ತರ ಇರಲಿ. ಇದನ್ನಂತೂ ದಯವಿಟ್ಟು ನೆನಪಿಡಿ: ಗೇಟಿನೊಳಗೆ ಬಿಟ್ಟ ನಾಯಿಗೆ ಹಗ್ಗ ಬೇಡವೇ ಬೇಡ. ಹಗ್ಗದ ಸಮೇತ ಹಾರಿದರೆ ಕುತ್ತಿಗೆಗೆ ನೇಣಾಗುತ್ತದೆ.

ಮಣಿಪಾಲದ ಫ್ಲ್ಯಾಟುಗಳಲ್ಲಿ ಬಾಲ್ಕನಿಯನ್ನೇ ನಾಯಿಯ ಕೋಣೆ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಬೇಸಿಗೆಯಲ್ಲಿ ಬಿಸಿಲು, ಮಳೆಗಾಲದಲ್ಲಿ ಎರಚಲು. ನಾಯಿ ಮೈ ತಣಿಸಿಕೊಳ್ಳುವುದು ಮುಖ್ಯವಾಗಿ ಏದುಸಿರು ಬಿಟ್ಟು. ನಮ್ಮೂರಿನ ಸೆಕೆಯಲ್ಲಿ, ಗಾಳಿಯ ತೇವ ಹೆಚ್ಚಿದಷ್ಟೂ ಅದಕ್ಕೆ ಕಷ್ಟ. ಒಳಗೇ ಇಡಿ. ಫ್ಯಾನ್, ನೀರು, ಒಣಗಿದ ಗೋಣಿ ಕೊಡಿ. ವೈರ್, ಫಿನಾಯಿಲ್, ಇಲಿಪಾಷಾಣ ಹತ್ತಿರ ಇರಬಾರದು.

ಮೊದಲ ದಿನವೇ ಬಾಗಿಲು ಹಾಕಿ ಹೊರಡಬೇಡಿ. ಊಟ ಅಲ್ಲೇ ಹಾಕಿ, ಎರಡು ನಿಮಿಷ, ಐದು ನಿಮಿಷ ಅಂತ ನಿಧಾನಕ್ಕೆ ಅಭ್ಯಾಸ ಮಾಡಿಸಿ.

ಸದಾ ಕಟ್ಟಿಹಾಕಿದ, ಕೂಡಿಹಾಕಿದ ನಾಯಿಗೆ ಸಾಕಷ್ಟು ವ್ಯಾಯಾಮ ಕೊಡದಿದ್ದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅದು ಅಪರಾಧ. ಬೆಳಿಗ್ಗೆ, ಸಂಜೆ ಹೊರಗೆ ಕರೆದುಕೊಂಡು ಹೋಗಿ. ಕಾಡಂಚಿನವರು ಬೆಳಕಿರುವಾಗಲೇ ವಾಪಸ್ ಬನ್ನಿ.