ಕೆಂಪು ಜಾಬಿಗೆ ಹಸಿರು ಬಣ್ಣ ಬಳಿಯಬೇಡಿ

ಮುಂಬೈಗೆ ಬಂದು ಹನ್ನೊಂದು ವರ್ಷವಾಯಿತು. ಆಫೀಸು ನವಿ ಮುಂಬೈನ ಐರೋಲಿಯಲ್ಲಿ, ಹೆಚ್ಚಾಗಿ ರಾತ್ರಿ ಪಾಳಿ. ಬ್ಯಾಂಕೊಂದರ ಬ್ಯಾಚ್ ಜಾಬ್ ನೋಡಿಕೊಳ್ಳುತ್ತೇನೆ ಎಂದರೆ ಗದಗಿನ ನಮ್ಮ ಸೋದರಮಾವನಿಗೆ ಅದು ಬೇರೆಯೇ ಕೇಳಿಸುತ್ತದೆ. “ಅಲ್ಲವಾ, ಒಂದ ರಾತ್ರಿಗೆ ಸಾವಿರಗಟ್ಟಲೆ ಜಾಬ್ ಬರ್ತಾವು ಅಂತೀ, ನಮ್ಮ ಹುಡುಗಗ ಒಂದ ಕೊಡಸಾಕ ಆಗೂದಿಲ್ಲೇನು?” ಎನ್ನುತ್ತಾನೆ.

ಈ ಜಾಬ್ ನೌಕರಿಯಲ್ಲ, ಕಂಪ್ಯೂಟರಿಗೆ ಒಪ್ಪಿಸಿದ ಕೆಲಸ. ಬಡ್ಡಿ ಲೆಕ್ಕ, ಇಎಂಐ ಕಡಿತ, ಸಂಬಳ ಜಮೆ, ಲೆಡ್ಜರ್ ತಾಳೆ ಎಲ್ಲ ರಾತ್ರಿ ಓಡುತ್ತವೆ. ಒಂದು ಮೇನ್‌ಫ್ರೇಮ್‌ನಲ್ಲಿ, ಇನ್ನೊಂದು ಯುನಿಕ್ಸ್‌ನಲ್ಲಿ, ಮತ್ತೊಂದು ವಿಂಡೋಸ್‌ನಲ್ಲಿ. ಯುನಿಕ್ಸ್‌ನ ಕ್ರಾನ್‌ಗೆ ಗಡಿಯಾರ ಮಾತ್ರ ಗೊತ್ತು. ಎರಡು ಗಂಟೆಗೆ ಶುರು ಮಾಡು ಎಂದರೆ ಮಾಡುತ್ತದೆ, ಬೇರೆ ಯಂತ್ರದಿಂದ ಬರಬೇಕಾದ ಫೈಲು ಬಂದಿದೆಯೇ ಎಂದು ಕೇಳುವುದಿಲ್ಲ. ಬೇಳೆ ಬೆಂದಿದೆಯೋ ಇಲ್ಲವೋ ನೋಡದೆ ಒಗ್ಗರಣೆ ಹಾಕುವ ಅಡುಗೆಯವನಿದ್ದಂತೆ. ಕಂಟ್ರೋಲ್-ಎಂ, ಆಟೋಸಿಸ್‌ನಂಥ ಶೆಡ್ಯೂಲರ್‌ಗಳು ಮದುವೆಮನೆಯ ಹಿರಿಯ ಬಾಣಸಿಗನ ಹಾಗೆ. ಎಲ್ಲ ಒಲೆಗಳ ಮೇಲೂ ಕಣ್ಣು.

ಕಂಟ್ರೋಲ್-ಎಂ ಪರದೆಯಲ್ಲಿ ಕಾಯುತ್ತಿರುವ ಜಾಬ್ ಬೂದು, ಓಡುತ್ತಿರುವುದು ಹಳದಿ, ಮುಗಿದದ್ದು ಹಸಿರು, ಕೆಟ್ಟದ್ದು ಕೆಂಪು. ಕೆಂಪಾದದ್ದನ್ನು ‘ಸೆಟ್ ಟು ಓಕೆ’ ಎಂದು ಕೈಯಾರೆ ಹಸಿರು ಮಾಡಲೂ ಬರುತ್ತದೆ. ಆಟೋಸಿಸ್‌ನಲ್ಲಿ ‘ಆನ್ ಹೋಲ್ಡ್’ ಎಂದರೆ ಹಿಂದಿನ ಜಾಬ್‌ಗಳೂ ನಿಲ್ಲುತ್ತವೆ. ‘ಆನ್ ಐಸ್’ ಎಂದರೆ ಇದು ಮುಗಿದೇ ಹೋಯಿತೆಂದು ತಿಳಿದು ಅವು ಮುಂದೆ ಓಡುತ್ತವೆ. ಹೊಸಬರಿಗೆ ನಾನು ಮೊದಲ ದಿನವೇ ಕಲಿಸುವುದು ಈ ವ್ಯತ್ಯಾಸವನ್ನು.

ಶೆಡ್ಯೂಲರ್ ಕೆಟ್ಟರೆ ಏನಾಗುತ್ತದೆಂದು 2012ರ ಜೂನ್‌ನಲ್ಲಿ ಬ್ರಿಟನ್ನಿನ ಆರ್‌ಬಿಎಸ್ ಬ್ಯಾಂಕ್ ಸಮೂಹದಲ್ಲಿ ಕಂಡಿತು. ಶೆಡ್ಯೂಲರ್ ತಂತ್ರಾಂಶದ ಹೊಸ ಆವೃತ್ತಿಯಲ್ಲಿ ತೊಂದರೆ ಕಂಡು ಅದನ್ನು ವಾಪಸ್ ತೆಗೆದರು. ತೆಗೆದರೆ ಏನಾಗಬಹುದೆಂದು ಮೊದಲು ಪರೀಕ್ಷಿಸಿರಲಿಲ್ಲ. 65 ಲಕ್ಷಕ್ಕೂ ಹೆಚ್ಚು ಗ್ರಾಹಕರು ತೊಂದರೆಗೆ ಸಿಕ್ಕಿದರು. ಐರ್ಲೆಂಡಿನ ಅಲ್ಸ್ಟರ್ ಬ್ಯಾಂಕಿನವರು ವಾರಗಟ್ಟಲೆ ಒದ್ದಾಡಿದರು. 2014ರಲ್ಲಿ ನಿಯಂತ್ರಕರು ಹಾಕಿದ ದಂಡ 5.6 ಕೋಟಿ ಪೌಂಡ್.

ಕಳೆದ ವರ್ಷ, ಒಂದು ತಿಂಗಳ ಕೊನೆಯ ರಾತ್ರಿ 2.40ಕ್ಕೆ ನಮ್ಮಲ್ಲಿ ಸಂಬಳದ ಜಾಬ್ ಕೆಂಪಾಯಿತು. ಕಾರ್ಖಾನೆಯೊಂದರ ಕೆಲಸಗಾರರ ಫೈಲು. ಲಾಗ್ ತೆಗೆದು ನೋಡಿದೆ. ಒಟ್ಟು ಎಷ್ಟು ಜನ, ಎಷ್ಟು ಹಣ ಎಂದು ಹೇಳುವ ಕೊನೆಯ ಸಾಲೇ ಇಲ್ಲ, ಫೈಲು ದಾರಿಯಲ್ಲೇ ತುಂಡಾಗಿತ್ತು. ನಮ್ಮದು ಓದುತ್ತ ಓದುತ್ತ ಜಮೆ ಮಾಡುವ ಹಳೆಯ ಪ್ರೋಗ್ರಾಂ, ಹಾಗಾಗಿ ಅರ್ಧದಷ್ಟು ಜನರಿಗೆ ಹಣ ಹೋಗಿಯಾಗಿತ್ತು. ಇಡೀ ಡೇ-ಎಂಡ್ ಅದರ ಹಿಂದೆ ನಿಂತಿತ್ತು. ಮೇಲಿನವರು ಫೋನಿನಲ್ಲಿ, “ಸೆಟ್ ಟು ಓಕೆ ಮಾಡಿಬಿಡಿ, ಸಂಬಳ ಬೆಳಿಗ್ಗೆ ನೋಡೋಣ” ಎಂದರು. ಹಾಗೆ ಮಾಡಿದರೆ ಉಳಿದರ್ಧ ಜನರಿಗೆ ಸಂಬಳವಿಲ್ಲ. ಬೆಳಿಗ್ಗೆ ಯಾರಾದರೂ ಪೂರ್ತಿ ಫೈಲನ್ನೇ ಮತ್ತೆ ಓಡಿಸಿದರೆ ಮೊದಲರ್ಧಕ್ಕೆ ಎರಡು ಸಲ ಸಂಬಳ, ಆಮೇಲೆ ವಸೂಲಿಯ ಗೋಳು. “ಮೇಲ್‌ನಲ್ಲಿ ಬರೆದು ಕಳಿಸಿ ಸರ್, ಮಾಡುತ್ತೇನೆ” ಎಂದೆ. ಮೇಲ್ ಬರಲಿಲ್ಲ.

ಅಪ್ಲಿಕೇಶನ್ ತಂಡದ ಹುಡುಗನನ್ನು ಎಬ್ಬಿಸಿದೆವು, ಫೈಲನ್ನು ಮತ್ತೆ ತರಿಸಿದೆವು. ಕೊನೆಗೆ ಜಮೆಯಾದ ಖಾತೆ ಯಾವುದೆಂದು ಹುಡುಕಿ, ಅದರ ಮುಂದಿನದರಿಂದ ಜಾಬನ್ನು ಓಡಿಸಿದಾಗ 4.25. ಹಸಿರಾಯಿತು. ಚಹಾ ತಣ್ಣಗಾಗಿತ್ತು, ಕುಡಿದೆ.

ರಿಪೇರಿಗೆ ಬಿಡುವು ಈಗ ಕಡಿಮೆ. 2019ರ ಡಿಸೆಂಬರ್ 16ರಿಂದ ನೆಫ್ಟ್ ಹಗಲು ರಾತ್ರಿ ಅರ್ಧ ಗಂಟೆಗೊಂದರಂತೆ ದಿನಕ್ಕೆ 48 ಬ್ಯಾಚ್ ಓಡುತ್ತದೆ. 2021ರ ಆಗಸ್ಟ್ 1ರಿಂದ ನ್ಯಾಚ್ ಕೂಡ ವಾರದ ಏಳೂ ದಿನ. ಭಾನುವಾರ ಸಂಬಳ ಬಂತೆಂದು ಜನ ಖುಷಿಪಡುತ್ತಾರೆ, ನಮಗೆ ಆ ಭಾನುವಾರವೂ ಪಾಳಿ.

ಆ ರಾತ್ರಿಯ ನಂತರ, ಜಮೆಗೆ ಮೊದಲು ಫೈಲಿನ ಕೊನೆಯ ಸಾಲು ಪರೀಕ್ಷಿಸುವ ಪುಟ್ಟ ಜಾಬೊಂದನ್ನು ಸೇರಿಸಲು ಕೇಳಿಕೊಂಡೆವು. ಒಪ್ಪಿಗೆ ಸಿಗಲು ಮೂರು ತಿಂಗಳು ಹಿಡಿಯಿತು. ಈಗ ಓಡುತ್ತಿದೆ, ಎರಡು ಸಲ ತುಂಡು ಫೈಲು ಹಿಡಿದಿದೆ.